ಫೋಟೋ ಕತ್ತರಿಸುವ ಮುಂಚೆ



ಬಾಳೆಲೆ ಸುತ್ತಮುತ್ತಲಿನ ಲೈನ್ ಮನೆಗಳಿಂದ, ಕಾಲೋನಿಗಳಿಂದ, ಹಾಡಿಗಳಿಂದ ನಾವು ಕೆಲವರು ಹಳೇ ಫೋಟೋಗಳನ್ನ ಕೂಡಿಸ್ತಾ ಇದ್ದೇವೆ. ದಲಿತರು, ಯರವರು, ಕುರುಬರು ಎಲ್ಲರ ಮನೆಯದ್ದೂ. ಇವನ್ನೆಲ್ಲ ಒಂದು ವೆಬ್‌ಸೈಟಿಗೆ ಹಾಕಬೇಕು ಅನ್ನೋದು ಆಸೆ. ಕೇಳಿದವರೆಲ್ಲ ಹೇಳೋದು ಒಂದೇ ಮಾತು: "ಅದರಲ್ಲೇನಿದೆ, ಸ್ಕ್ಯಾನ್ ಮಾಡಿ, ನೀಟಾಗಿ ಕ್ರಾಪ್ ಮಾಡಿ, ಹಾಕಿಬಿಡಿ."

ಅದರಲ್ಲೇ ಎಲ್ಲಾ ಇದೆ. ಫೋಟೋ ತೆಗೆಯುವವನು ಒಂದು ಸಲ ತೀರ್ಮಾನ ಮಾಡ್ತಾನೆ. ಅದನ್ನ ಜನರ ಕಣ್ಣಿಗೆ ಬೀಳೋ ಹಾಗೆ ಸಿದ್ಧಮಾಡುವವನು ಇನ್ನೂ ನಾಲ್ಕು ಸಲ ತೀರ್ಮಾನ ಮಾಡ್ತಾನೆ: ಬಣ್ಣ ಹೇಗಿರಬೇಕು, ಯಾರು ಚೌಕಟ್ಟಿನ ಒಳಗಿರಬೇಕು, ಕೆಳಗೆ ಏನು ಬರೀಬೇಕು, ಯಾರನ್ನ ಕೇಳಿ ಹಾಕಬೇಕು. ನೂರೈವತ್ತು ವರ್ಷದಿಂದ ಈ ನಾಲ್ಕೂ ತೀರ್ಮಾನಗಳನ್ನ ನಮ್ಮ ಪರವಾಗಿ ಬೇರೆಯವರೇ ಮಾಡಿದ್ದಾರೆ. ಅದಕ್ಕೇ ಈ ಉದ್ದನೆಯ ಪೋಸ್ಟ್.

ಮೊದಲು, ನಮ್ಮ ಮನೆಗಳಲ್ಲಿ ಫೋಟೋ ಯಾಕೆ ಕಡಿಮೆ ಅನ್ನೋದು ಗೊತ್ತಿರಬೇಕು. ಕೊಡಗಿನಲ್ಲಿ ನಮ್ಮ ಹಿರಿಯರು ಬರೀ ಕೂಲಿಯವರಾಗಿರಲಿಲ್ಲ, ಜೀತದಾಳುಗಳಾಗಿದ್ದರು. ಬ್ರಿಟಿಷರ ದಾಖಲೆಗಳಲ್ಲೇ ಎರಡು ಬಗೆ ಇದೆ. ಭೂಮಿಜಮ್ಮದ ಆಳು ಅಂದರೆ ನೆಲಕ್ಕೆ ಕಟ್ಟಿಹಾಕಿದವನು, ನೆಲ ಬಿಟ್ಟು ಕದಲಿಸುವ ಹಾಗಿಲ್ಲ. ಒಕ್ಕಲುಜಮ್ಮದ ಆಳು ಅಂದರೆ ಮನೆತನಕ್ಕೆ ಸೇರಿದವನು, ಮಾರಬಹುದು, ಅಡ ಇಡಬಹುದು. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನ ವಶಪಡಿಸಿಕೊಂಡಿತು. 1843ರ ಕಾಯಿದೆ ಗುಲಾಮರ ಮೇಲಿನ ಹಕ್ಕನ್ನ ಕೋರ್ಟುಗಳು ಎತ್ತಿಹಿಡಿಯಬಾರದು ಎಂದಿತು, ಅಷ್ಟೇ. ಗುಲಾಮರನ್ನು ಕೊಳ್ಳುವುದು, ಮಾರುವುದು ಶಿಕ್ಷೆಯಾಗುವ ಅಪರಾಧವಾಗಿದ್ದು 1862ರಲ್ಲಿ ದಂಡಸಂಹಿತೆ ಜಾರಿಗೆ ಬಂದಾಗ.

ಈಗ ಇನ್ನೊಂದು ತಾರೀಖು ನೋಡಿ. 1868ರಿಂದ 1875ರ ನಡುವೆ ಲಂಡನ್ನಿನಲ್ಲಿ 'ದಿ ಪೀಪಲ್ ಆಫ್ ಇಂಡಿಯಾ' ಅನ್ನೋ ಎಂಟು ಸಂಪುಟಗಳು ಪ್ರಕಟವಾದವು. ನಾನೂರಕ್ಕೂ ಹೆಚ್ಚು ಫೋಟೋಗಳು. ಲಾರ್ಡ್ ಕ್ಯಾನಿಂಗ್ ದಂಪತಿಯ ಹವ್ಯಾಸವಾಗಿ ಶುರುವಾದದ್ದು 1857ರ ದಂಗೆ ಆದಮೇಲೆ ಸರ್ಕಾರಿ ಯೋಜನೆಯೇ ಆಯಿತು. ಆಳಬೇಕಾದ ಜನ ಯಾರು ಅಂತ ಗುರುತು ಹಿಡಿಯೋಕೆ ಪುಸ್ತಕ! ಅಂದರೆ ಗುಲಾಮಗಿರಿ ಕಾನೂನಿನ ಪುಟದಿಂದ ಇಳೀತಾ ಇದ್ದ ಕಾಲಕ್ಕೇ ಕ್ಯಾಮೆರಾ ಬಂದು ಜಾತಿಯನ್ನ ಚೌಕಟ್ಟಿಗೆ ಹಾಕಿತು.

ಆಮೇಲೆ ಎಡ್ಗರ್ ಥರ್ಸ್ಟನ್. ಮದ್ರಾಸಿನ ಸರ್ಕಾರಿ ಮ್ಯೂಸಿಯಮ್ಮಿನ ಮುಖ್ಯಸ್ಥ. ಜನರ ಮೂಗು, ತಲೆಬುರುಡೆ ಅಳೆದವನು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ರಂಗಾಚಾರಿ ಜೊತೆ 1909ರಲ್ಲಿ ಏಳು ಸಂಪುಟ ತಂದ. ಇಂಥ ಪುಸ್ತಕಗಳಲ್ಲಿ ಎದೆ ಸೆಟೆದು ನಿಲ್ಲಿಸಿದ ಮನುಷ್ಯನ ಕೆಳಗೆ ಸಾಮಾನ್ಯವಾಗಿ ಇರೋದು ಒಂದೇ ಪದ, ಜಾತಿಯ ಹೆಸರು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತಲ್ಲ, ಅದು ಯಾರಿಗೂ ಬೇಕಾಗಲಿಲ್ಲ.

ಮಿಷನರಿಗಳ ಕತೆ ಸ್ವಲ್ಪ ಬೇರೆ. 1843ರಲ್ಲಿ 'ಮಂಗಳೂರ ಸಮಾಚಾರ' ತಂದ ಹೆರ್ಮನ್ ಮೋಗ್ಲಿಂಗ್ ನಮಗೆಲ್ಲ ಕನ್ನಡದ ಮೊದಲ ಪತ್ರಿಕೆಯವರಾಗಿ ಗೊತ್ತು. ಅದೇ ಮೋಗ್ಲಿಂಗ್ 1850ರ ದಶಕದಲ್ಲಿ ನಮ್ಮ ಕೊಡಗಿನ ಆನಂದಪುರದಲ್ಲಿ ಹೊಲೆಯರ ಕುಟುಂಬಗಳಿಗೆ ನೆಲೆ ಮಾಡಿಕೊಟ್ಟರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಬಾಸೆಲ್ ಮಿಷನ್ನಿನ ಫೋಟೋ ಭಂಡಾರ ಇವತ್ತು ಅಂತರ್ಜಾಲದಲ್ಲಿದೆ. ಭಾರತ, ಘಾನಾ, ಕ್ಯಾಮರೂನ್, ಚೀನಾದ ಸಾವಿರಾರು ಚಿತ್ರಗಳು. ಯಾರು ಬೇಕಾದರೂ ನೋಡಬಹುದು. ಒಳ್ಳೇದೇ. ಆದರೆ ಆ ಫೋಟೋಗಳಿಗೆ ಮಿಷನರಿ ಅಂದು ಬರೆದದ್ದೇ ಮೊದಲ ವಿವರಣೆ. ನಮ್ಮ ಕಡೆಯ ವಿವರಣೆ ಇನ್ನೂ ಬರೀಬೇಕಾಗಿದೆ.

ಫೋಟೋ ಯಾರದ್ದು ಅನ್ನೋ ಪ್ರಶ್ನೆ ನಮ್ಮೊಬ್ಬರದ್ದೇ ಅಲ್ಲ. 1850ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ ಗುಲಾಮರಾಗಿದ್ದ ರೆಂಟಿ ಮತ್ತು ಅವರ ಮಗಳು ಡೀಲಿಯಾ ಅವರ ಬಟ್ಟೆ ಬಿಚ್ಚಿಸಿ ಫೋಟೋ ತೆಗೆಸಿದ್ದು ಹಾರ್ವರ್ಡ್ ಪ್ರಾಧ್ಯಾಪಕ ಲೂಯಿ ಅಗಾಸಿ. ಬಿಳಿಯರು ಮೇಲು ಅಂತ ಸಾಧಿಸೋಕೆ. ತಾನು ರೆಂಟಿಯ ವಂಶದವಳು, ಚಿತ್ರ ಕೊಡಿ ಅಂತ ಟಮಾರಾ ಲೇನಿಯರ್ ಅನ್ನೋ ಹೆಣ್ಣುಮಗಳು 2019ರಲ್ಲಿ ಹಾರ್ವರ್ಡ್ ಮೇಲೆ ಕೇಸ್ ಹಾಕಿದರು. 2025ರಲ್ಲಿ ರಾಜಿಯಾಗಿ, ಆ ಚಿತ್ರಗಳನ್ನ ಆಫ್ರಿಕನ್ ಅಮೆರಿಕನ್ನರ ಮ್ಯೂಸಿಯಮ್ಮೊಂದಕ್ಕೆ ಬಿಟ್ಟುಕೊಡೋಕೆ ಹಾರ್ವರ್ಡ್ ಒಪ್ಪಿತು. 175 ವರ್ಷ ಬೇಕಾಯ್ತು!

ಇನ್ನು ನಮ್ಮ ಕೆಲಸದ ಮೇಜಿಗೆ ಬರ್ತೇನೆ.

ಮೊದಲನೆಯದು ಬಣ್ಣ. ಹಳೇ ಕಾಲದ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಚೆನ್ನಾಗಿ ಹಿಡೀತಿತ್ತು, ಕೆಂಪು ಹಿಡೀತಿರಲಿಲ್ಲ. ಹಾಗಾಗಿ ಕಂದು ಮೈಬಣ್ಣ ಇದ್ದದ್ದಕ್ಕಿಂತ ಕಪ್ಪಾಗಿ ಬೀಳ್ತಿತ್ತು. ಆ ಚಿತ್ರ ನೋಡಿ "ಇವರು ಎಷ್ಟು ಕಪ್ಪು" ಅಂದವರು ನೋಡಿದ್ದು ಅರ್ಧ ನಮ್ಮ ಅಜ್ಜನನ್ನ, ಅರ್ಧ ಪ್ಲೇಟಿನ ರಸಾಯನವನ್ನ. ಕಲರ್ ಬಂದಮೇಲೂ ಅಷ್ಟೇ. ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಸರಿಹೊಂದಿಸಲು ಕಳಿಸ್ತಿದ್ದ 'ಶರ್ಲಿ ಕಾರ್ಡ್'ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸಿನ ಮುಖ. ಅವಳ ಮೈಬಣ್ಣ ಸರಿ ಬಂದರೆ ಪ್ರಿಂಟ್ ಸರಿ.

ಈಗಿನ ರೋಗ ಇದಕ್ಕೆ ಉಲ್ಟಾ. ಮೊಬೈಲಿನ 'ಆಟೋ' ಬಟನ್ ಒತ್ತಿದರೆ ಅಜ್ಜಿ ಬೆಳ್ಳಗಾಗ್ತಾಳೆ. ನಮ್ಮ ಹುಡುಗರಲ್ಲೊಬ್ಬ ಎಐ ಆ್ಯಪಿನಲ್ಲಿ ಮಸುಕಾದ ಫೋಟೋ ಹಾಕಿ 'ಕ್ಲಿಯರ್' ಮಾಡಿಸಿದ. ಬಂದದ್ದು ಯಾವುದೋ ಸೀರಿಯಲ್ ನಟಿಯ ಥರದ ಮುಖ. ಅವಳ ಮಗಳೇ ಗುರುತು ಹಿಡಿಯಲಿಲ್ಲ. ಹಾಗಾಗಿ ನಿಯಮ ಮಾಡಿಕೊಂಡೆವು: ಪೋಸ್ಟ್ ಕಾರ್ಡ್ ಅಳತೆಯದ್ದು 600 ಡಿಪಿಐ, ಪಾಸ್‌ಪೋರ್ಟ್ ಅಳತೆಯದ್ದು 1200 ಡಿಪಿಐ. ಮೂಲ ಸ್ಕ್ಯಾನನ್ನ ಟಿಫ್ ಕಡತವಾಗಿ ಎರಡು ಕಡೆ ಇಡೋದು, ಅದನ್ನ ಯಾರೂ ಮುಟ್ಟಬಾರದು. ಅದರ ನಕಲು ತೆಗೆದು ಉದ್ದದ ಬದಿ 1600 ಪಿಕ್ಸೆಲ್ ಮಾಡಿ ಜೆಪೆಗ್ ವೆಬ್‌ಸೈಟಿಗೆ. ಟಿಫ್ 25 ಎಂಬಿ ಇದ್ದರೆ ಜೆಪೆಗ್ 300 ಕೆಬಿಯೊಳಗೆ ಮುಗಿಯುತ್ತೆ. ತೋಟದ ಮೂಲೆಯ ಲೈನ್ ಮನೆಯಲ್ಲಿ ಒಂದು ಕಡ್ಡಿ ನೆಟ್‌ವರ್ಕಿನಲ್ಲೂ ತೆರೀಬೇಕಲ್ಲ! ಕೆಂಪಾಗಿ ಮಾಸಿದ ಕಲರ್ ಪ್ರಿಂಟಿನ ಬಣ್ಣವನ್ನ ಸ್ವಲ್ಪ ಸರಿಮಾಡ್ತೇವೆ, ಸರಿಮಾಡಿದ್ದೇವೆ ಅಂತ ಬರೀತೇವೆ. ಕಪ್ಪು ಬಿಳುಪಿಗೆ ಬಣ್ಣ ತುಂಬೋದಿಲ್ಲ, ಹರಿದದ್ದನ್ನ ಮುಚ್ಚೋದಿಲ್ಲ. ಫೋಟೋದ ಹಿಂಭಾಗವನ್ನೂ ಸ್ಕ್ಯಾನ್ ಮಾಡ್ತೇವೆ. ಸ್ಟುಡಿಯೋ ಸೀಲು, ತಾರೀಖು, ಪೆನ್ಸಿಲಿನಲ್ಲಿ ಬರೆದ ಹೆಸರು ಇರೋದು ಅಲ್ಲೇ.

ಎರಡನೆಯದು ಕತ್ತರಿ. ಕೊಡಗಿನ ಪ್ರವಾಸಿ ಚಿತ್ರಗಳನ್ನ ಒಮ್ಮೆ ನೋಡಿ. ಮಂಜು, ಕಾಫಿ ಹೂವು, ಐನ್‌ಮನೆ, ಲಕ್ಷ್ಮಣತೀರ್ಥ. ಆ ಕಾಫಿ ಕೊಯ್ದ ಕೈ ಎಲ್ಲಿ? ಹಳೇ ಫೋಟೋಗಳಲ್ಲಿ ನಮ್ಮವರು ಇದ್ದಾರೆ, ಆದರೆ ಅಂಚಿನಲ್ಲಿ. ಮದುವೆಯಲ್ಲಿ ವಾಲಗದವರು, ಅಂಗಳದ ಕೊನೆಯಲ್ಲಿ ಕೈಕಟ್ಟಿ ನಿಂತವರು, ಮಗು ಎತ್ತಿಕೊಂಡವಳ ಅರ್ಧ ಭುಜ. 'ನೀಟಾಗಿ' ಕ್ರಾಪ್ ಮಾಡಿದರೆ ಮೊದಲು ಹೋಗೋದು ಅವರೇ. ಕೆಟ್ಟ ಮನಸ್ಸೇ ಬೇಕಾಗಿಲ್ಲ, ಚೌಕಟ್ಟು ಚೆಂದ ಕಾಣಲಿ ಅನ್ನೋ ಒಳ್ಳೇ ಮನಸ್ಸೇ ಸಾಕು. ಯಂತ್ರಕ್ಕೆ ಬಿಟ್ಟರೂ ಅದೇ ಕತೆ. 2020ರಲ್ಲಿ ಟ್ವಿಟರಿನ ತಾನೇ ತಾನಾಗಿ ಕ್ರಾಪ್ ಮಾಡುವ ವ್ಯವಸ್ಥೆ ಕಪ್ಪು ಮುಖ ಬಿಟ್ಟು ಬಿಳಿ ಮುಖವನ್ನ ಆರಿಸಿಕೊಳ್ತಿದೆ ಅಂತ ಜನ ತೋರಿಸಿಕೊಟ್ಟರು. ಕಂಪನಿಯೇ ಪರೀಕ್ಷೆ ಮಾಡಿ, ಬಿಳಿಯರ ಕಡೆ ವಾಲಿಕೆ ಇದೆ ಅಂತ 2021ರಲ್ಲಿ ಒಪ್ಪಿಕೊಂಡಿತು. ಅದಕ್ಕೇ ನಮ್ಮಲ್ಲಿ ಅಂಚು ಕತ್ತರಿಸೋ ಹಾಗಿಲ್ಲ. ಪುಟ್ಟ ಚೌಕದ ಚಿತ್ರ ಬೇಕಾದಾಗ ಎಲ್ಲಿ ಕತ್ತರಿಸಬೇಕು ಅಂತ ನಾವೇ ಕೂತು ಆರಿಸ್ತೇವೆ.

ಮೂರನೆಯದು ಕೆಳಗಿನ ಬರಹ. ಒಂದು ತೋಟದ ಮನೆಯ ಹಳೇ ಆಲ್ಬಮ್ ನೋಡೋಕೆ ಸಿಕ್ಕಿತ್ತು. ಫೋಟೋದಲ್ಲಿ ಯಜಮಾನರು, ಅವರ ಮಗು, ಮಗು ಎತ್ತಿಕೊಂಡ ಹೆಂಗಸು, ಒಂದು ನಾಯಿ. ಕೆಳಗೆ ಯಜಮಾನರ ಹೆಸರಿದೆ, ಮಗುವಿನ ಹೆಸರಿದೆ, ನಾಯಿಯ ಹೆಸರೂ ಇದೆ. ಹೆಂಗಸಿನದ್ದು ಇಲ್ಲ. ಲೈನ್ ಮನೆಯ ಒಬ್ಬ ಅಜ್ಜಿಗೆ ತೋರಿಸಿದೆವು. "ಇದು ನಮ್ಮ ದೊಡ್ಡಮ್ಮ ಅಲ್ವಾ" ಅಂದರು. ಹೆಸರು ಹೇಳಿದರು, ಯಾವ ಹಾಡಿಯಿಂದ ಬಂದವರು ಹೇಳಿದರು, ಎಷ್ಟು ಮಕ್ಕಳು ಹೇಳಿದರು. ಐದು ನಿಮಿಷದ ಕೆಲಸ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ನಮ್ಮ ಕ್ರಮ ಹೀಗೆ: ಮೂಲ ಬರಹ ಎಷ್ಟೇ ಕೆಟ್ಟದಾಗಿದ್ದರೂ ಅಳಿಸೋದಿಲ್ಲ, ಉದ್ಧರಣ ಚಿಹ್ನೆಯೊಳಗೆ ಇಡ್ತೇವೆ, ಅದು ಸಾಕ್ಷಿ. ಅದರ ಮೇಲೆ ನಮ್ಮ ಬರಹ: ಹೆಸರು, ಊರು, ಕೆಲಸ, ಹೇಳಿದವರು ಯಾರು. ಹೆಸರು ಸಿಗದಿದ್ದರೆ 'ಹೆಸರು ದಾಖಲಾಗಿಲ್ಲ' ಅಂತ ಬರೀತೇವೆ. 'ಕೂಲಿ ಹೆಂಗಸು' ಅಂತ ಬರೆಯೋದಿಲ್ಲ. ಎರಡಕ್ಕೂ ವ್ಯತ್ಯಾಸ ಇದೆ ಗೆಳೆಯರೇ. ಮೊದಲನೆಯದು ದಾಖಲೆ ಮಾಡಿದವನ ತಪ್ಪು ಹೇಳುತ್ತೆ, ಎರಡನೆಯದು ಅವಳಿಗೆ ಹೆಸರೇ ಬೇಡ ಅನ್ನುತ್ತೆ. ಕಣ್ಣು ಕಾಣದವರಿಗೆ ಕಂಪ್ಯೂಟರ್ ಓದಿ ಹೇಳುವ ಬದಲಿ ಪಠ್ಯದಲ್ಲೂ ಎಲ್ಲರೂ ಬರಬೇಕು. 'ಐನ್‌ಮನೆಯ ಮುಂದೆ ಕುಟುಂಬ' ಅಂದರೆ ಸಾಲದು, ಮೆಟ್ಟಿಲ ಕೆಳಗೆ ನಿಂತ ಇಬ್ಬರನ್ನೂ ಹೇಳಬೇಕು.

ನಾಲ್ಕನೆಯದು ಒಪ್ಪಿಗೆ. ಮೈಮೇಲೆ ಸರಿಯಾಗಿ ಬಟ್ಟೆಯಿಲ್ಲದೆ ನಿಲ್ಲಿಸಿ ತೆಗೆದ ಹಿರಿಯರ ಚಿತ್ರ ಸಿಕ್ಕರೆ ಹಾಕಬೇಕಾ? ನಮ್ಮ ಹೆಣ್ಣುಮಕ್ಕಳು ಬೇಡ ಅಂದರು. ಅದೇ ತೀರ್ಪು. ಕಾಪಾಡಿ ಇಡ್ತೇವೆ, ಮನೆಯವರು ಕೇಳಿದರೆ ಕೊಡ್ತೇವೆ, ಲೋಕಕ್ಕೆ ತೋರಿಸೋದಿಲ್ಲ. ಆಸ್ಟ್ರೇಲಿಯಾದ ವರುಮುಂಗು ಆದಿವಾಸಿಗಳು 2007ರಷ್ಟು ಹಿಂದೆಯೇ 'ಮುಕುರ್ತು' ಅನ್ನೋ ಡಿಜಿಟಲ್ ಭಂಡಾರ ಕಟ್ಟಿಕೊಂಡರು. ಯಾವ ಚಿತ್ರ ಯಾರು ನೋಡಬಹುದು ಅನ್ನೋದನ್ನ ಅಲ್ಲಿ ಸಮುದಾಯವೇ ನಿರ್ಧರಿಸುತ್ತೆ. ಅದೇ ತಂತ್ರಾಂಶ ಇವತ್ತು ಉಚಿತವಾಗಿ ಸಿಗುತ್ತೆ.

ಇನ್ನೊಂದು ಎಚ್ಚರಿಕೆ. ಮೊಬೈಲಿನಲ್ಲಿ ತೆಗೆದ ಫೋಟೋದೊಳಗೆ ಜಾಗದ ಗುರುತು ಅಡಗಿರುತ್ತೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆ ಐನೂರಕ್ಕೂ ಹೆಚ್ಚು ಕುಟುಂಬಗಳ ಗುಡಿಸಲು ಕೆಡವಿದಾಗ, ಮೊಬೈಲ್ ಫೋಟೋಗಳೇ ನಮ್ಮ ಸಾಕ್ಷಿಯಾದವು, ರಾಜ್ಯವೆಲ್ಲ ನೋಡಿತು. ಸಾಕ್ಷಿಯಾಗೋ ಫೋಟೋನೇ ಸುಳಿವೂ ಆಗಬಹುದು. ನಾಗರಹೊಳೆ ಅಂಚಿನಲ್ಲಿ ಹಕ್ಕುಪತ್ರ ಇಲ್ಲದೆ ಬದುಕ್ತಿರೋರ ಗುಡಿಸಲಿನ ಅಕ್ಷಾಂಶ ರೇಖಾಂಶವನ್ನ ನಾವೇ ಬಹಿರಂಗಕ್ಕೆ ಇಡಬಾರದು. ಮೂಲ ಕಡತದಲ್ಲಿ ಉಳಿಸಿ, ವೆಬ್‌ಸೈಟಿನ ನಕಲಿನಲ್ಲಿ ಅಳಿಸಿ.

ಬಾಬಾಸಾಹೇಬರ ಫೋಟೋಗಳನ್ನ ನೆನಪು ಮಾಡಿಕೊಳ್ಳಿ. ಕೋಟು, ಟೈ, ಕೈಯಲ್ಲಿ ಪುಸ್ತಕ. ನಮ್ಮನ್ನ ಹೇಗೆ ನೋಡಬೇಕು ಅಂತ ನಾವೇ ಹೇಳ್ತೇವೆ ಅನ್ನೋ ಘೋಷಣೆ ಅದು. ನಮ್ಮ ಅಜ್ಜ ಅಜ್ಜಿಯರಿಗೆ ಆ ಅವಕಾಶ ಸಿಗಲಿಲ್ಲ. ಅವರ ಹೆಸರಿನಲ್ಲಿ ಈಗ ನಾವು ಮಾಡಬಹುದಾದ್ದು ಇಷ್ಟು: ಅಂಚು ಕತ್ತರಿಸದೆ, ಬಣ್ಣ ಬಳಿಯದೆ, ಹೆಸರು ಬರೆದು, ಕೇಳಿ ಹಾಕೋದು.

ಬಾಳೆಲೆ, ನಿಟ್ಟೂರು, ಕಾನೂರು ಕಡೆಯವರು ಟ್ರಂಕಿನ ತಳದಲ್ಲಿರೋ ಫೋಟೋ ತನ್ನಿ. ಶಾಲೆಯ ಗ್ರೂಪ್ ಫೋಟೋ, ಮದುವೆಯದ್ದು, ಹಳೇ ಗುರುತಿನ ಚೀಟಿಯದ್ದು, ಯಾವುದಾದರೂ ಸರಿ. ನಿಮ್ಮ ಕಣ್ಣೆದುರೇ ಸ್ಕ್ಯಾನ್ ಮಾಡಿ ವಾಪಸ್ ಕೊಡ್ತೇವೆ. ಆದರೆ ಬರುವಾಗ ಫೋಟೋದಲ್ಲಿರೋರ ಹೆಸರು ಬಲ್ಲ ಒಬ್ಬ ಹಿರಿಯರನ್ನೂ ಕರ್ಕೊಂಡು ಬನ್ನಿ. ಫೋಟೋ ಇನ್ನೂ ಹತ್ತು ವರ್ಷ ಟ್ರಂಕಿನಲ್ಲಿ ಇರಬಹುದು, ಅವರು ಇರ್ತಾರೆ ಅಂತ ಹೇಳೋಕಾಗಲ್ಲ.

ಜೈ ಭೀಮ್.