ಬಿಸಿನೀರಿನ ಅಪಸ್ಮಾರ ಮತ್ತು ವಿಮಾ ನಿರಾಕರಣೆ: ಒಂದು ವೈದ್ಯಕೀಯ-ಕಾನೂನು ವಿಶ್ಲೇಷಣೆ

ದಕ್ಷಿಣ ಕರ್ನಾಟಕದ ನರರೋಗ ವೈದ್ಯರಿಗೆ ಬಿಸಿನೀರಿನ ಅಪಸ್ಮಾರ ಹೊಸದಲ್ಲ. ಇದರ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡ್‌ನಿಂದ ಬಂತು. ಆದರೆ ನೂರಾರು ರೋಗಿಗಳನ್ನು ನೋಡಿ ಇದರ ಲಕ್ಷಣಗಳನ್ನು ಗುರುತಿಸಿದ ಕೆಲಸ ಬಹುಪಾಲು ನಡೆದದ್ದು ಬೆಂಗಳೂರಿನಲ್ಲಿ. 1960ರ ದಶಕದ ಕೊನೆಯಿಂದ ಡಾ. ಕೆ. ಎಸ್. ಮಣಿ, ಆಮೇಲೆ ನಿಮ್ಹಾನ್ಸ್‌ನಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತು ಅವರ ಸಂಗಡಿಗರು ಈ ಅಧ್ಯಯನವನ್ನು ಬೆಳೆಸಿದರು. ಯಳಂದೂರಿನಲ್ಲಿ ಮಣಿಯವರ ತಂಡ ನಡೆಸಿದ ಸಮುದಾಯ ಸಮೀಕ್ಷೆಯಲ್ಲಿ ಅಪಸ್ಮಾರವಿದ್ದವರ ಪೈಕಿ ಶೇ. 6.9ರಷ್ಟು ಮಂದಿಗೆ ಇದೇ ಬಗೆಯ ತೊಂದರೆ ಕಂಡುಬಂತು. ಇಷ್ಟು ಚೆನ್ನಾಗಿ ದಾಖಲಾದ ಕಾಯಿಲೆಯನ್ನು ವಿಮೆಯ ಕಡತ ಮಾತ್ರ ‘ಎಪಿಲೆಪ್ಸಿ’ ಎಂಬ ಒಂದೇ ಮೊಹರಿನಡಿ ಸೇರಿಸಿಬಿಡುತ್ತದೆ. ಆ ಮೊಹರಿನಿಂದ ಹುಟ್ಟುವ ನಿರಾಕರಣೆಯನ್ನು ಯಾವ ನೆಲೆಯಲ್ಲಿ ಪ್ರಶ್ನಿಸಬೇಕು ಎಂಬುದು ಈ ಲೇಖನದ ವಿಚಾರ.

ಮೊದಲು ಕಾಯಿಲೆಯ ಸ್ವರೂಪ. ನಮ್ಮ ಕಡೆ ತಲೆಗೆ ನೀರು ಹಾಕಿಕೊಳ್ಳುವುದೆಂದರೆ ಹಂಡೆಯ ಸುಡುನೀರನ್ನು ಚೊಂಬಿನಿಂದ ಮೊಗೆದು ಒಂದರ ಹಿಂದೊಂದು ನೆತ್ತಿಯ ಮೇಲೆ ಸುರಿದುಕೊಳ್ಳುವುದು. ಆ ನೀರಿನ ಬಿಸಿ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಕೆಲವು ಚೊಂಬು ಬೀಳುವಷ್ಟರಲ್ಲಿ ಮಗುವಿನ ಕಣ್ಣು ಒಂದೇ ಕಡೆ ನೆಡುತ್ತದೆ. ಕರೆದರೆ ಓಗೊಡುವುದಿಲ್ಲ, ಅರ್ಥವಿಲ್ಲದ ಮಾತಾಡುತ್ತದೆ, ಒಮ್ಮೊಮ್ಮೆ ಸುರಿದುಕೊಳ್ಳುತ್ತಲೇ ಇರುತ್ತದೆ. ಕೆಲವರಿಗೆ ಕೈಕಾಲು ಸೆಳೆತವೂ ಬರುತ್ತದೆ. ಒಂದೆರಡು ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ಇದು ಜ್ವರದ ಫಿಟ್ಸ್ ಅಲ್ಲ, ಆವಿಗೆ ತಲೆಸುತ್ತಿ ಬೀಳುವುದೂ ಅಲ್ಲ. ನೆತ್ತಿಗೆ ತಾಗುವ ಬಿಸಿಯೇ ಪ್ರಚೋದಕ. ಆದ್ದರಿಂದ ಇದನ್ನು ಪ್ರತಿವರ್ತಿ ಅಪಸ್ಮಾರಗಳ ಗುಂಪಿಗೆ ಸೇರಿಸುತ್ತಾರೆ. ಉಗುರುಬೆಚ್ಚಗಿನ ನೀರು, ಅಥವಾ ತಲೆಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮುಂಚೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಕ್ಲೊಬಜಾಮ್ ಮಾತ್ರೆ: ಬಹಳ ಮಂದಿಗೆ ಇಷ್ಟೇ ಸಾಕಾಗುತ್ತದೆ. ಒಂದು ಪಾಲು ರೋಗಿಗಳಿಗೆ ಮುಂದೆ ಸ್ನಾನದ ಸಂಬಂಧವಿಲ್ಲದೆಯೂ ಫಿಟ್ಸ್ ಬರುವುದುಂಟು. ಇದನ್ನು ಮುಚ್ಚಿಟ್ಟು ವಾದ ಕಟ್ಟಿದರೆ ವಾದವೇ ಬೀಳುತ್ತದೆ.

ನಿರಾಕರಣೆಯ ಬೀಜ ಬೀಳುವುದು ವಿಮಾ ಕಚೇರಿಗೂ ಮೊದಲು, ಆಸ್ಪತ್ರೆಯ ಕ್ಯಾಶುಯಲ್ಟಿಯಲ್ಲಿ. ಮೂವತ್ತೈದರ ಗಂಡಸೊಬ್ಬ ಬೈಕಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡು ದಾಖಲಾಗುತ್ತಾನೆ ಎಂದಿಟ್ಟುಕೊಳ್ಳೋಣ. ಹಿಂದೆ ಏನಾದರೂ ಕಾಯಿಲೆ ಇತ್ತೇ ಎಂದು ಡ್ಯೂಟಿ ಡಾಕ್ಟರು ಕೇಳುತ್ತಾರೆ. ಗಾಬರಿಯಲ್ಲಿರುವ ತಾಯಿ, ‘ಚಿಕ್ಕೋನಿದ್ದಾಗ ತಲೆಗೆ ನೀರು ಹಾಕೋವಾಗ ಫಿಟ್ಸ್ ಬರ್ತಿತ್ತು ಸಾರ್’ ಎನ್ನುತ್ತಾಳೆ. ಕೇಸ್ ಶೀಟಿನಲ್ಲಿ ಅದು, ಬಾಲ್ಯದಿಂದಲೂ ಅಪಸ್ಮಾರವಿರುವವ ಎಂಬ ಅರ್ಥದ, ‘ಕೆ/ಸಿ/ಓ ಎಪಿಲೆಪ್ಸಿ ಸಿನ್ಸ್ ಚೈಲ್ಡ್‌ಹುಡ್’ ಆಗುತ್ತದೆ. ಚಿಕ್ಕಂದಿನಲ್ಲಿ, ತಲೆಸ್ನಾನದ ಹೊತ್ತಿನಲ್ಲಿ, ಈಗಿಲ್ಲ ಎಂಬ ಮೂರು ಮುಖ್ಯ ಸಂಗತಿಗಳಲ್ಲಿ ಎರಡು ಕಾಗದಕ್ಕೆ ಇಳಿಯಲೇ ಇಲ್ಲ. ಡಿಸ್ಚಾರ್ಜ್ ಸಮರಿ ಆ ಸಾಲನ್ನೇ ನಕಲು ಮಾಡುತ್ತದೆ. ಪ್ರಪೋಸಲ್ ಫಾರ್ಮಿನಲ್ಲಿ ಅಪಸ್ಮಾರದ ಪ್ರಶ್ನೆಗೆ ‘ಇಲ್ಲ’ ಎಂದಿದ್ದರೆ ವಿಮಾ ಕಂಪನಿಯ ಪತ್ರ ಸಿದ್ಧ: ಮಹತ್ವದ ಸಂಗತಿ ಮುಚ್ಚಿಟ್ಟಿದ್ದೀರಿ, ಕ್ಲೇಮು ತಿರಸ್ಕೃತ, ಪಾಲಿಸಿ ರದ್ದು.

ಇಂಥ ಪತ್ರಕ್ಕೆ ‘ನಮ್ಮದು ಅಪಸ್ಮಾರವೇ ಅಲ್ಲ’ ಎಂದು ಉತ್ತರಿಸುವುದು ಸಹಜ. ನನ್ನ ದೃಷ್ಟಿಯಲ್ಲಿ ಅದು ಸೋಲುವ ದಾರಿ. ಅಪಸ್ಮಾರದ ವಿರುದ್ಧದ ಅಂತರರಾಷ್ಟ್ರೀಯ ಒಕ್ಕೂಟ 2014ರಲ್ಲಿ ಕೊಟ್ಟ ವ್ಯಾಖ್ಯೆ, 24 ಗಂಟೆಗೂ ಹೆಚ್ಚು ಅಂತರದಲ್ಲಿ ಬಂದ ಎರಡು ಪ್ರತಿವರ್ತಿ ಫಿಟ್ಸನ್ನೂ ಅಪಸ್ಮಾರವೆಂದೇ ಎಣಿಸುತ್ತದೆ. ಆದರೆ ಅದೇ ವ್ಯಾಖ್ಯೆಯ ಇನ್ನೊಂದು ಭಾಗ ರೋಗಿಯ ಪರವಾಗಿದೆ: ಹತ್ತು ವರ್ಷ ಫಿಟ್ಸ್ ಬಾರದೆ, ಅದರಲ್ಲಿ ಕೊನೆಯ ಐದು ವರ್ಷ ಮಾತ್ರೆಯೂ ಇಲ್ಲದೆ ಕಳೆದವರಲ್ಲಿ ಅಪಸ್ಮಾರ ಪರಿಹಾರವಾಗಿದೆ ಎಂದೇ ಅದು ಪರಿಗಣಿಸುತ್ತದೆ. ಮೇಲಿನ ಉದಾಹರಣೆಯ ಮನುಷ್ಯನಿಗೆ ಹನ್ನೆರಡನೇ ವಯಸ್ಸಿನ ಆಮೇಲೆ ಫಿಟ್ಸ್ ಬಂದಿಲ್ಲ, ಮಾತ್ರೆಯೂ ಇಲ್ಲ ಎಂದಾದರೆ, ಪಾಲಿಸಿ ಕೊಳ್ಳುವಾಗ ಅವನಿಗೆ ಆ ಕಾಯಿಲೆ ಇರಲಿಲ್ಲ.

ಕಾನೂನಿನ ನೆಲೆಯೂ ಇದಕ್ಕೆ ಹೊಂದುತ್ತದೆ. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ 2024ರ ನಿಯಮಗಳ ಪ್ರಕಾರ, ಪಾಲಿಸಿ ಆರಂಭಕ್ಕೆ ಹಿಂದಿನ 36 ತಿಂಗಳೊಳಗೆ ರೋಗನಿರ್ಣಯವಾದ ಅಥವಾ ಚಿಕಿತ್ಸೆ ಪಡೆದ, ಇಲ್ಲವೆ ವೈದ್ಯರು ಚಿಕಿತ್ಸೆ ಸೂಚಿಸಿದ ಕಾಯಿಲೆಯೇ ‘ಮೊದಲೇ ಇದ್ದ ಕಾಯಿಲೆ’. ಹಿಂದೆ ಈ ಅವಧಿ 48 ತಿಂಗಳಿತ್ತು. ಬಾಲ್ಯದ ತೊಂದರೆ ಈ ಚೌಕಟ್ಟಿನಲ್ಲಿ ಕೂರುವುದಿಲ್ಲ. ಆರೋಗ್ಯ ಪಾಲಿಸಿ ಸತತ 60 ತಿಂಗಳು ನಡೆದಿದ್ದರೆ, ವಂಚನೆ ಸಾಬೀತಾಗದ ಹೊರತು, ಮುಚ್ಚಿಟ್ಟ ಕಾರಣ ಹೇಳಿ ಕ್ಲೇಮು ತಳ್ಳುವಂತಿಲ್ಲ. ಜೀವವಿಮೆಯಲ್ಲಿ 1938ರ ವಿಮಾ ಕಾಯ್ದೆಯ 45ನೇ ಕಲಂ, ಮೂರು ವರ್ಷ ದಾಟಿದ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸದಂತೆ ತಡೆಯುತ್ತದೆ.

ಕಠಿಣ ಪ್ರಶ್ನೆ ಬೇರೆ ಇದೆ. ‘ಎಂದಾದರೂ ಫಿಟ್ಸ್ ಬಂದಿತ್ತೇ’ ಎಂದೇ ಫಾರ್ಮು ಕೇಳಿದ್ದು, ಪಾಲಿಸಿಗೆ ಇನ್ನೂ ಎರಡೇ ವರ್ಷವಾಗಿದ್ದರೆ? ವಿವೇಕವುಳ್ಳ ವಿಮಾ ಕಂಪನಿಯ ತೀರ್ಮಾನದ ಮೇಲೆ ಪ್ರಭಾವ ಬೀರಬಲ್ಲ ಸಂಗತಿಯೆಲ್ಲ ಮಹತ್ವದ್ದೇ, ಯಾವುದು ಮುಖ್ಯ ಎಂದು ನಿರ್ಧರಿಸುವುದು ಅರ್ಜಿದಾರನ ಕೆಲಸವಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆ ಪ್ರಕರಣದಲ್ಲಿ ಮುಚ್ಚಿಟ್ಟದ್ದು ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ವೈಫಲ್ಯ. ಎರಡೂ ಜೀವಕ್ಕೆ ಅಪಾಯದ ಕಾಯಿಲೆಗಳೇ. 2015ರ ಇನ್ನೊಂದು ತೀರ್ಪಿನಲ್ಲಿ, ಸೊಂಟದ ಮೂಳೆಸವೆತವನ್ನು ಹೇಳದಿದ್ದವರು ಹೃದಯಾಘಾತದಿಂದ ತೀರಿಕೊಂಡಾಗ, ಸಾವಿಗೆ ಸಂಬಂಧವಿಲ್ಲದ, ಜೀವಕ್ಕೆ ಅಪಾಯವಿಲ್ಲದ ತೊಂದರೆಯ ನೆಪದಲ್ಲಿ ಹಣ ತಡೆಯಬಾರದೆಂದು ಅದೇ ನ್ಯಾಯಾಲಯ ಹೇಳಿತು. ನಮ್ಮ ಪ್ರಕರಣಗಳಿಗೆ ಹತ್ತಿರವಾದದ್ದು ಈ ಎರಡನೆಯದು. ಮುಚ್ಚಿಟ್ಟಿದ್ದನ್ನು ರುಜುವಾತು ಮಾಡುವ ಹೊಣೆ ಕಂಪನಿಯದೇ. ರೋಗಿಯ ತಾಯಿ ಹೇಳಿದ್ದನ್ನು ಅರ್ಧಕ್ಕೆ ಬರೆದುಕೊಂಡ ಒಂದು ಸಾಲು ರುಜುವಾತಾಗಲಾರದು. ಅಪಘಾತವೇ ಫಿಟ್ಸ್‌ನಿಂದ ಆಯಿತು ಎಂದು ಕಂಪನಿ ಹೇಳುವುದಾದರೆ, ಬೈಕ್ ಓಡಿಸುವವನ ನೆತ್ತಿಗೆ ಬಿಸಿನೀರು ಬೀಳುವುದಿಲ್ಲ ಎಂಬ ಸರಳ ಸಂಗತಿಗೂ ಅದು ಉತ್ತರಿಸಬೇಕು.

ಕಾಯಿಲೆಯನ್ನು ಪ್ರಾಮಾಣಿಕವಾಗಿ ಹೇಳಿಕೊಂಡವರ ಪಾಡು ಇನ್ನೂ ಬೇಸರದ್ದು: ಅವರಿಗೆ ಪಾಲಿಸಿಯನ್ನೇ ನಿರಾಕರಿಸುವುದುಂಟು. ವಿಮಾ ಪ್ರಾಧಿಕಾರದ 2019ರ ಸೆಪ್ಟೆಂಬರಿನ ಮಾರ್ಗಸೂಚಿ, ಶಾಶ್ವತವಾಗಿ ಹೊರಗಿಡಬಹುದಾದ ಕಾಯಿಲೆಗಳ ಪಟ್ಟಿಯಲ್ಲಿ ಜಿ40 ಎಂಬ ರೋಗ ಸಂಕೇತದಡಿ ಅಪಸ್ಮಾರವನ್ನೂ ಸೇರಿಸಿತು. ಅದಕ್ಕೆ ಗ್ರಾಹಕರ ಒಪ್ಪಿಗೆ ಬೇಕೆಂದೂ ಹೇಳಿತು. ಅಂದರೆ ಆ ಪಟ್ಟಿಯ ಉದ್ದೇಶ ಒಂದು ಕಾಯಿಲೆಯನ್ನು ಬಿಟ್ಟು ಉಳಿದೆಲ್ಲಕ್ಕೂ ರಕ್ಷಣೆ ಕೊಡಿಸುವುದು, ಮನುಷ್ಯನನ್ನೇ ಹೊರಗಿಡುವುದಲ್ಲ. ಕಾಯಿಲೆಯ ಮೂಲ ಗೊತ್ತಿಲ್ಲವೆಂಬ ಕಾರಣಕ್ಕೆ ಕ್ಲೇಮು ತಪ್ಪಿಸುವ ಷರತ್ತನ್ನೂ ಅದೇ ಮಾರ್ಗಸೂಚಿ ನಿಷೇಧಿಸಿತ್ತು.

ಇನ್ನು ಹೋರಾಟದ ಕ್ರಮ. ಮೊದಲು ಬೇಕಾದದ್ದು ವಕೀಲರಲ್ಲ, ನರರೋಗ ತಜ್ಞರ ಒಂದು ಪತ್ರ. ಪ್ರಚೋದಕ ಯಾವುದು, ಕೊನೆಯ ಫಿಟ್ಸ್ ಯಾವಾಗ, ಔಷಧ ಯಾವಾಗ ನಿಂತಿತು, ಇಇಜಿ ಮತ್ತು ಎಂಆರ್‌ಐ ಮಾಡಿಸಿದ್ದರೆ ಅವುಗಳ ಫಲಿತಾಂಶ, ಈಗಿನ ಕ್ಲೇಮಿಗೂ ಅದಕ್ಕೂ ಸಂಬಂಧ ಇದೆಯೇ ಎಂಬುದೆಲ್ಲ ಅದರಲ್ಲಿ ಇರಬೇಕು. ಆಸ್ಪತ್ರೆಯಿಂದ ಪೂರ್ತಿ ಕೇಸ್ ಶೀಟಿನ ಪ್ರತಿ ಪಡೆದು, ಡಿಸ್ಚಾರ್ಜ್ ಸಮರಿಯ ತಪ್ಪಿಗೆ ಲಿಖಿತ ತಿದ್ದುಪಡಿ ಕೇಳಬೇಕು. ಅದರೊಂದಿಗೆ ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಅವರು ತಿರಸ್ಕರಿಸಿದರೆ, ಅಥವಾ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, 50 ಲಕ್ಷ ರೂಪಾಯಿವರೆಗೆ ಪರಿಹಾರದ ಆದೇಶ ಮಾಡುವ ಅಧಿಕಾರವಿದೆ, ಆದೇಶವನ್ನು ಕಂಪನಿ 30 ದಿನದೊಳಗೆ ಪಾಲಿಸಬೇಕು. ತಡಮಾಡಿದರೆ ದಿನಕ್ಕೆ 5,000 ರೂಪಾಯಿಯಂತೆ ದೂರುದಾರರಿಗೆ ಕೊಡಬೇಕೆಂದು ಪ್ರಾಧಿಕಾರದ 2024ರ ಸುತ್ತೋಲೆ ಹೇಳುತ್ತದೆ. ಅಲ್ಲಿ ನ್ಯಾಯ ಸಿಗಲಿಲ್ಲವೆನಿಸಿದರೆ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತೆರೆದೇ ಇದೆ, ಎರಡು ವರ್ಷದ ಕಾಲಮಿತಿಯನ್ನು ಮರೆಯದಿದ್ದರೆ.

ಇಷ್ಟಾದರೂ ಬಡ ಕುಟುಂಬಕ್ಕೆ ಈ ಓಡಾಟ ದೊಡ್ಡ ಹೊರೆ. ಆಸ್ಪತ್ರೆಯ ಬಿಲ್ಲನ್ನು ಸಾಲ ಮಾಡಿ ಕಟ್ಟಿದವರು ವರ್ಷಗಟ್ಟಲೆ ಕಾಯಲಾರರು. ಆದ್ದರಿಂದ ತಿದ್ದಬೇಕಾದದ್ದು ಪ್ರಪೋಸಲ್ ಫಾರ್ಮನ್ನೇ. ಅಪಸ್ಮಾರದ ಎದುರು ಹೌದು-ಇಲ್ಲ ಎಂಬ ಎರಡು ಚೌಕವಿಡುವ ಬದಲು ಫಿಟ್ಸ್ ಯಾವ ವಯಸ್ಸಿನಲ್ಲಿ, ಯಾವ ಸಂದರ್ಭದಲ್ಲಿ ಬರುತ್ತಿತ್ತು, ಕೊನೆಯದು ಎಂದು, ಈಗ ಮಾತ್ರೆ ಇದೆಯೇ ಎಂದು ಕೇಳುವ ನಾಲ್ಕು ಪ್ರಶ್ನೆಗಳು ಕನ್ನಡದಲ್ಲೂ ಇರಬೇಕು, ಉತ್ತರವನ್ನು ಏಜೆಂಟರಲ್ಲದೆ ಅರ್ಜಿದಾರರೇ ಬರೆಯಬೇಕು.