ಪೆನ್ಸಿಲ್ ಕಡ್ಡಿಯೊಳಗಿನ ಕಥೆ

ಮೊನ್ನೆ ಮಗಳ ಪೆನ್ಸಿಲ್ ಕೆತ್ತಿ ಕೊಡುತ್ತಾ ಗ್ರಾಫೀನ್ ಬಗ್ಗೆ ಹೇಳತೊಡಗಿದೆ. "ಅಪ್ಪಾ, ಈ ಕಡ್ಡಿಯೊಳಗ ಅಂಥಾದ್ದೇನೈತಿ?" ಅಂದಳು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಬರೆದಿದ್ದೇನೆ.

ಪೆನ್ಸಿಲ್ಲಿನ ಗ್ರಾಫೈಟ್ ಅಂದರೆ ಇಂಗಾಲದ ಪದರಗಳ ಅಟ್ಟಿ. ಅದರ ಒಂದೇ ಪದರ, ಒಂದು ಪರಮಾಣುವಿನಷ್ಟು ದಪ್ಪದ್ದು, ಗ್ರಾಫೀನ್. 1947ರಲ್ಲೇ ವ್ಯಾಲೇಸ್ ಎಂಬುವರು ಕಾಗದದ ಮೇಲೆ ಅದರ ಲೆಕ್ಕ ಹಾಕಿದ್ದರು. ಪದರ ಬಿಡಿಸಿ ಅದರ ವಿದ್ಯುತ್ ಗುಣ ಅಳೆದು ತೋರಿಸಿದ್ದು 2004ರಲ್ಲಿ, ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್. ಅವರ ಸಾಧನ? ನಾವು ಪುಸ್ತಕಕ್ಕೆ ಹಚ್ಚುವಂಥ ಅಂಟುಪಟ್ಟಿ! 2010ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ವರ್ಷ ಐಬಿಎಂ 100 ಗಿಗಾಹರ್ಟ್ಜ್ ವೇಗದ ಗ್ರಾಫೀನ್ ಟ್ರಾನ್ಸಿಸ್ಟರ್ ತೋರಿಸಿತು. ಸಿಲಿಕಾನ್ ಕಾಲ ಮುಗೀತು ಅಂದವರೂ ಇದ್ದರು.

ಮುಗಿಯಲಿಲ್ಲ. ಕಂಪ್ಯೂಟರಿನ ಟ್ರಾನ್ಸಿಸ್ಟರ್ ಪೂರ್ತಿ ಬಂದ್ ಆಗಬೇಕು. ಅದಕ್ಕೆ ಬೇಕಾದ ಶಕ್ತಿಯ ಅಂತರ ಸಿಲಿಕಾನಿನಲ್ಲಿದೆ, ಗ್ರಾಫೀನಿನಲ್ಲಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ನಳಕ್ಕೆ ನೀರು ಯಾವಾಗ ಬರುತ್ತೋ ಅಂತ ಕಾಯುತ್ತೇವೆ; ಗ್ರಾಫೀನಿನ ನಳ ತಿರುವಿದರೂ ನಿಲ್ಲೋದೇ ಇಲ್ಲ! 2024ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ತಂಡ ಸಿಲಿಕಾನ್ ಕಾರ್ಬೈಡ್ ಮೇಲೆ ಬೆಳೆಸಿದ ಪದರದಲ್ಲಿ 0.6 ಎಲೆಕ್ಟ್ರಾನ್ ವೋಲ್ಟಿನ ಅಂತರ ತೋರಿಸಿತು. ಸಿಲಿಕಾನಿನದು ಸುಮಾರು 1.1.

ಈ ಕಥೆಯಲ್ಲಿ ಬೆಂಗಳೂರೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಗೆ ರಾಮನ್ ಬಂದದ್ದು 1933ರಲ್ಲಿ. ಭೌತವಿಜ್ಞಾನ ವಿಭಾಗ ಕಟ್ಟಿದವರು ಅವರೇ. 2008ರಲ್ಲಿ ಅದೇ ವಿಭಾಗದ ಎ. ಕೆ. ಸೂದ್ ತಂಡ, ಕೇಂಬ್ರಿಡ್ಜಿನವರ ಜೊತೆ ಸೇರಿ, ಗ್ರಾಫೀನ್ ಟ್ರಾನ್ಸಿಸ್ಟರಿನಲ್ಲಿ ಎಲೆಕ್ಟ್ರಾನುಗಳು ಎಷ್ಟು ಹೆಚ್ಚಿದವು, ಕಡಿಮೆಯಾದವು ಅನ್ನುವುದನ್ನು ರಾಮನ್ ಪರಿಣಾಮದಿಂದಲೇ ಪತ್ತೆ ಹಚ್ಚಿತು. 2025ರಲ್ಲಿ ಅಲ್ಲಿಯೇ ಅರಿಂದಮ್ ಘೋಷ್ ತಂಡ, ಜಪಾನಿನವರ ಸಹಯೋಗದಲ್ಲಿ, ಇನ್ನೊಂದು ಸೋಜಿಗ ತೋರಿಸಿತು. ಲೋಹಗಳಲ್ಲಿ ವಿದ್ಯುತ್ತು ಚೆನ್ನಾಗಿ ಹರಿದರೆ ಶಾಖವೂ ಹರಿಯುತ್ತದೆ ಅನ್ನೋದು 1853ರ ವೀಡೆಮಾನ್-ಫ್ರಾಂಜ್ ನಿಯಮ. ಅತಿ ಶುದ್ಧ ಗ್ರಾಫೀನಿನಲ್ಲಿ, ತೀರಾ ತಣ್ಣಗಿರುವಾಗ, ಆ ನಿಯಮ 200 ಪಟ್ಟಿಗೂ ಮೀರಿ ತಪ್ಪಿತು. ಎಲೆಕ್ಟ್ರಾನುಗಳು ಒಂಟಿ ಕಣಗಳಾಗಿರದೆ ಒಟ್ಟಾಗಿ ದ್ರವದಂತೆ ಹರಿದಿದ್ದವು.

ಚಿಪ್ಪು ಆಗಲಿಲ್ಲ ಅಂತ 2010ರ ಸಡಗರ ಮುಗಿದ ಮೇಲೆ ಎಲ್ಲರೂ ಕೈಬಿಟ್ಟಿದ್ದರೆ ಇದು ಕಾಣುತ್ತಲೇ ಇರಲಿಲ್ಲ. "ಇದರಿಂದ ಏನು ಉಪಯೋಗ?" ಅಂತ ಮೊದಲೇ ಕೇಳುವ ನಮಗೆ ಇದೊಂದು ಪಾಠ ಅನ್ನಿಸಿತು. ನೀವೇನಂತೀರಿ?

ಮಗಳು ಮಾತ್ರ ಕಡ್ಡಿ ಮುರಿದುಕೊಂಡು ಮತ್ತೆ ಬಂದಿದ್ದಾಳೆ...