ಕಲೆ ಕಂಡೊಡನೆ ಕುಷ್ಠವೆನ್ನುವ ಮೊದಲು

ಅಲ್ಲಾಹನು ಇಳಿಸಿದ ಪ್ರತಿಯೊಂದು ರೋಗಕ್ಕೂ ಶಮನವಿದೆಯೆಂದು ಪ್ರವಾದಿವರ್ಯರು(ಸ) ನಮಗೆ ಕಲಿಸಿದ್ದಾರೆ. ಆ ಶಮನವನ್ನು ಅರಸುವವರು ಮೊದಲು ರೋಗ ಯಾವುದೆಂದು ತಿಳಿಯಬೇಕು.

ಈ ವಿವೇಚನೆಯ ಚರಿತ್ರೆಯಲ್ಲಿ ಅಬೂಬಕರ್ ಅರ್ರಾಝಿಯವರ ಸ್ಥಾನ ಹಿರಿದು. ಸುಮಾರು 865ರಲ್ಲಿ ಇರಾನಿನ ರಯ್ ನಗರದಲ್ಲಿ ಜನಿಸಿದ ಈ ವೈದ್ಯರು ಸಿಡುಬು ಮತ್ತು ದಡಾರಗಳ ಕುರಿತೇ ಒಂದು ಗ್ರಂಥವನ್ನು ರಚಿಸಿದರು. ಎರಡರಲ್ಲೂ ಜ್ವರ ಬಂದು ಮೈಮೇಲೆ ಗುಳ್ಳೆಗಳೇಳುತ್ತವೆ. ಆದರೆ ಬೆನ್ನುನೋವು ಸಿಡುಬಿನಲ್ಲಿ ಹೆಚ್ಚು, ವಾಕರಿಕೆ ಮತ್ತು ಕಳವಳ ದಡಾರದಲ್ಲಿ ಹೆಚ್ಚು ಎಂದು ಅವರು ಬೇರ್ಪಡಿಸಿ ತೋರಿಸಿದರು.

ಕುಷ್ಠದ ವಿಷಯದಲ್ಲಿ ಈ ವಿವೇಚನೆ ಇನ್ನೂ ಅಗತ್ಯ. ಅರಬಿಯಲ್ಲಿ ಕುಷ್ಠಕ್ಕೆ ‘ಜುಝಾಮ್’ ಎಂದೂ ತೊನ್ನಿಗೆ ‘ಬರಸ್’ ಎಂದೂ ಬೇರೆ ಬೇರೆ ಹೆಸರುಗಳಿವೆ. ಸಖೀಫ್ ನಿಯೋಗದಲ್ಲಿದ್ದ ಕುಷ್ಠರೋಗಿಯ ಪ್ರತಿಜ್ಞೆಯನ್ನು ಪ್ರವಾದಿ(ಸ)ರು ದೂರದಿಂದಲೇ ಸ್ವೀಕರಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅಲ್ಲಿ ಎಚ್ಚರಿಕೆಯಿತ್ತು, ತಿರಸ್ಕಾರವಿರಲಿಲ್ಲ. ಉಮಯ್ಯಾ ಖಲೀಫ ಒಂದನೆಯ ವಲೀದ್ (ಆಡಳಿತ 705–715) ಕುಷ್ಠರೋಗಿಗಳು ಭಿಕ್ಷೆ ಬೇಡದಂತೆ ಅವರಿಗೆ ಧನಸಹಾಯ ನೀಡಿದನೆಂದು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ.

ನಮ್ಮ ನಾಡಿನ ಚರಿತ್ರೆ ಅಷ್ಟು ಮೃದುವಾಗಿರಲಿಲ್ಲ. ಬ್ರಿಟಿಷ್ ಸರಕಾರದ 1898ರ ಕಾಯ್ದೆಯು ನಿರ್ಗತಿಕ ಕುಷ್ಠರೋಗಿಗಳನ್ನು ಬಂಧಿಸಿ ಪ್ರತ್ಯೇಕವಾಗಿಡಲು ಅವಕಾಶ ಕೊಟ್ಟಿತ್ತು. ಅದು ರದ್ದಾದದ್ದು 2016ರಲ್ಲಿ. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಲ್ಲಿ ಪತಿಯ ಕುಷ್ಠವು ವಿಚ್ಛೇದನಕ್ಕೆ ಆಧಾರವಾಗಿತ್ತು. 2019ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈ ಕಾಯ್ದೆಗಳಿದ್ದಾಗ ಒಂದು ತಪ್ಪು ಗುರುತಿಸುವಿಕೆಯಿಂದ ಮನುಷ್ಯನು ಮನೆ, ಸಂಸಾರ ಎರಡನ್ನೂ ಕಳೆದುಕೊಳ್ಳಬಹುದಿತ್ತು.

1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಈ ರೋಗದ ಸೂಕ್ಷ್ಮಾಣುವನ್ನು ಕಂಡರು. ಇಂದು ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಅಥವಾ ಕೆಂಪು ಮಚ್ಚೆ, ದಪ್ಪಗಾದ ನರದೊಂದಿಗೆ ಜೋಮು ಅಥವಾ ಸ್ನಾಯುದೌರ್ಬಲ್ಯ, ಚರ್ಮದ ದ್ರವದಲ್ಲಿ ಸೂಕ್ಷ್ಮಾಣು ಎಂಬ ಮೂರು ಲಕ್ಷಣಗಳಲ್ಲಿ ಒಂದಾದರೂ ಇದ್ದರೆ ವೈದ್ಯರು ಕುಷ್ಠವೆಂದು ನಿರ್ಧರಿಸುತ್ತಾರೆ. ತೊನ್ನಿನ ಬಿಳುಪಿನಲ್ಲಿ ಸ್ಪರ್ಶಜ್ಞಾನ ಉಳಿದಿರುತ್ತದೆ. ಅದು ಅಂಟುರೋಗವೂ ಅಲ್ಲ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆಯಿಂದ ಕುಷ್ಠ ಗುಣವಾಗುತ್ತದೆ, ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ತಡವಾದರೆ ಮಾತ್ರ ನರಗಳಿಗಾದ ಹಾನಿ ಉಳಿದುಬಿಡಬಹುದು.

ಆದ್ದರಿಂದ ಸಾವಳಗಿ, ಜಮಖಂಡಿ ಸುತ್ತಲಿನ ಸಹೋದರ ಸಹೋದರಿಯರಲ್ಲಿ ನಮ್ಮ ವಿನಂತಿಯಿಷ್ಟೇ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಕೇಳಿದಾಗ ಮೈಮೇಲಿನ ಮಚ್ಚೆಯನ್ನು ಮರೆಮಾಚಬೇಡಿ. ಪರೀಕ್ಷೆಗೆ ಮುನ್ನ ಯಾರನ್ನೂ ಕುಷ್ಠರೋಗಿಯೆಂದು ಕರೆಯಬೇಡಿ, ಪರೀಕ್ಷೆಯ ನಂತರ ಯಾರನ್ನೂ ದೂರ ತಳ್ಳಬೇಡಿ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ. ಆಮೀನ್.